ಕಷ್ಟದ ದಿನಗಳಲ್ಲಿ ಮನೆಕೆಲಸದ ನಡುವೆಯೇ ದೇವರ ವಾಕ್ಯ: ಮಲೆನಾಡಿನ ಕ್ರೈಸ್ತ ಕುಟುಂಬಗಳಿಗೊಂದು ಮಾರ್ಗದರ್ಶಿ

ಮನೆಗೆ ಕಷ್ಟ ಬಂದಾಗ ಮೊದಲು ನಿಂತುಹೋಗುವುದು ಸಂಜೆಯ ಪ್ರಾರ್ಥನೆ. ಒಬ್ಬರು ಹಾಸನದ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿದಿರುತ್ತಾರೆ, ಇನ್ನೊಬ್ಬರು ತೋಟದಿಂದ ಬರುವಷ್ಟರಲ್ಲಿ ಏಳೂವರೆ, ಮಕ್ಕಳು ಊಟಕ್ಕೆ ಮುಂಚೆಯೇ ತೂಕಡಿಸುತ್ತಿರುತ್ತಾರೆ. ಇಂಥ ಹೊತ್ತಲ್ಲಿ ಸುಲಭವಾಗಿ ಸಿಗುವ ಸಲಹೆ ಒಂದೇ: ಇನ್ನೂ ಹೆಚ್ಚು ಪ್ರಾರ್ಥಿಸಿ, ಉಪವಾಸ ಹಿಡಿಯಿರಿ, ಬೆಳಗ್ಗೆ ನಾಲ್ಕಕ್ಕೇ ಏಳಿ. ಮೊದಲೇ ಸೋತ ಮನೆಗೆ ಅದೂ ಒಂದು ಹೊರೆ. ಮೂರು ದಿನ ನಡೆದು ನಾಲ್ಕನೇ ದಿನಕ್ಕೆ ನಿಲ್ಲುತ್ತದೆ, ನಿಂತಿತಲ್ಲ ಎಂಬ ಕೊರಗು ಮಾತ್ರ ಉಳಿಯುತ್ತದೆ.

ಇಲ್ಲಿ ಹೇಳುವ ಕ್ರಮಕ್ಕೆ ಹೊಸ ಹೊತ್ತು ಬೇಕಿಲ್ಲ. ಹೇಗೂ ಮಾಡಲೇಬೇಕಾದ ಕೆಲಸವನ್ನು ಹಿಡಿದು, ಅಂಥದೇ ಕೆಲಸ ನಡೆಯುವ ಬೈಬಲಿನ ಒಂದು ಭಾಗವನ್ನು ಅದರ ಪಕ್ಕದಲ್ಲಿಟ್ಟುಕೊಳ್ಳುವುದು, ಅಷ್ಟೆ. ದೋಸೆಗೆ ರುಬ್ಬುವುದು, ಸಾಲದ ಲೆಕ್ಕ ಬರೆಯುವುದು, ಹಾಸಿಗೆ ಹಿಡಿದ ಅಜ್ಜಿಯ ಕಾಲು ತೊಳೆಯುವುದು, ಎಲ್ಲವೂ ಇದಕ್ಕೆ ಆಗುತ್ತದೆ. ವಾಕ್ಯದ ಬಗ್ಗೆ ಮಕ್ಕಳೊಡನೆ ಯಾವಾಗ ಮಾತಾಡಬೇಕು ಎಂದು ಧರ್ಮೋಪದೇಶಕಾಂಡ 6:7 ನಾಲ್ಕು ಹೊತ್ತು ಹೇಳುತ್ತದೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ನಾಲ್ಕರಲ್ಲಿ ಒಂದೂ ವಿಶೇಷ ಹೊತ್ತಲ್ಲ.

ಶುರು ಮಾಡುವ ಬಗೆ

ಬೇಕಾದದ್ದು ಒಂದು ಬೈಬಲ್, ನೂರು ಪುಟದ ಒಂದು ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಪೆನ್ನು. ಫೋನಿನಲ್ಲಿ ಓದಬಹುದು, ಆದರೆ ಓದುವಾಗಲೇ ವಾಟ್ಸಾಪ್ ಬರುತ್ತದೆ, ಕಷ್ಟದ ದಿನಗಳಲ್ಲಿ ಆ ಸಂದೇಶಗಳೂ ಹೆಚ್ಚು. ಅಚ್ಚಿನ ಪುಸ್ತಕವೇ ವಾಸಿ. ಕಥೋಲಿಕರ ಬೈಬಲಿನಲ್ಲಿ ಹೆಸರುಗಳು ಸ್ವಲ್ಪ ಬೇರೆ, ಯೋಹಾನ ಅಲ್ಲಿ ಯೊವಾನ್ನ. ಈ ಲೇಖನದ ಅಧ್ಯಾಯ, ವಚನಗಳು ಎರಡರಲ್ಲೂ ಸಿಗುತ್ತವೆ.

ಒಂದು ವಾರಕ್ಕೆ ಒಂದೇ ಕೆಲಸ ಆರಿಸಿಕೊಳ್ಳಿ. ಆ ಕೆಲಸ ನಡೆಯುವ ಕಡೆಯೇ, ಅಡುಗೆಮನೆಯಾದರೆ ಅಡುಗೆಮನೆಯಲ್ಲೇ, ಒಬ್ಬರು ಗಟ್ಟಿಯಾಗಿ ಓದಲಿ. ಒಂಟಿ ವಚನ ಓದಬೇಡಿ. ಕಥೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ಅಷ್ಟನ್ನೂ ಓದಿ. ಸಾಮಾನ್ಯವಾಗಿ ಐದರಿಂದ ಹನ್ನೆರಡು ವಚನ, ಎರಡು ಮೂರು ನಿಮಿಷದ ಓದು. ಆಮೇಲೆ ಎರಡು ಪ್ರಶ್ನೆ. ಇದರಲ್ಲಿ ಯಾರು ಏನು ಮಾಡಿದರು? ನಮ್ಮ ಮನೆಯಲ್ಲಿ ಈಗ ಇದು ಎಲ್ಲಿದೆ? "ಇದರಿಂದ ಕಲಿಯುವ ಪಾಠ ಏನು" ಎಂದು ಕೇಳಲೇಬೇಡಿ. ಕೇಳಿದರೆ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಉತ್ತರ ಬರುತ್ತದೆ, ಪ್ರಾರ್ಥಿಸಬೇಕು, ನಂಬಬೇಕು ಅಂತ. ಮಗು ಅಲ್ಲಿಗೆ ಯೋಚನೆ ನಿಲ್ಲಿಸುತ್ತದೆ. ಪಾಠ ತಾನಾಗಿ ಬಂದರೆ ಬರಲಿ, ಬರದಿದ್ದರೆ ಆ ದಿನಕ್ಕೆ ಓದಿದ್ದೇ ಸಾಕು.

ಕೊನೆಗೆ ಕೈಯಿಂದ ಮಾಡುವ ಒಂದು ಸಣ್ಣ ಕೆಲಸ, ಕರ್ತನ ಪ್ರಾರ್ಥನೆ, ಮುಗಿಯಿತು. ಎಲ್ಲ ಸೇರಿ ಹತ್ತು ನಿಮಿಷ ದಾಟಬಾರದು. ತೆರ್ಸ್ (ಜಪಸರದ ಪ್ರಾರ್ಥನೆ) ಹೇಳುವ ಕೊಂಕಣಿ ಮನೆಗಳಲ್ಲಿ ಅದಕ್ಕೆ ಮೊದಲು ಇದನ್ನು ಮಾಡಿ. ಹತ್ತು ಹತ್ತು ನಮೋ ಮರಿಯಾಗಳ ಐದು ದಶಕ ಹೇಳುವ ತ್ರಾಣ ಇಲ್ಲದ ರಾತ್ರಿ ಒಂದೇ ದಶಕ ಹೇಳಿ ಮಲಗಿದರೂ ತಪ್ಪಿಲ್ಲ.

ಮೊದಲ ವಾರ: ದೋಸೆ ಹಿಟ್ಟು

ಅಡುಗೆಮನೆಯಿಂದ ಶುರು ಮಾಡಿ. ಅಲ್ಲಿ ಮಕ್ಕಳಿಗೂ ಕೈಹಾಕಲು ಕೆಲಸವಿರುತ್ತದೆ. ಓದಬೇಕಾದದ್ದು ಲೂಕ 13:20-21, ಎರಡೇ ವಚನ, ದೇವರ ರಾಜ್ಯಕ್ಕೆ ಯೇಸು ಕೊಡುವ ಹೋಲಿಕೆ: ಒಬ್ಬ ಹೆಂಗಸು ಹುಳಿಹಿಟ್ಟನ್ನು ಮೂರು ಸೇರು ಹಿಟ್ಟಿನಲ್ಲಿ ಅಡಗಿಸಿಡುತ್ತಾಳೆ, ಎಲ್ಲವೂ ಉಬ್ಬುತ್ತದೆ. ಅಲ್ಲಿ ಹೇಳುವ ಅಳತೆ ನಮ್ಮ ಸೇರಲ್ಲ. ಮೂರೂ ಸೇರಿದರೆ ಇಪ್ಪತ್ತು ಲೀಟರಿಗೂ ಮಿಗಿಲು, ಊರಿಗೇ ಊಟ ಹಾಕುವಷ್ಟು ಹಿಟ್ಟು.

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಜುಲೈನಲ್ಲಿ ಹಿಟ್ಟು ಉಬ್ಬಿಸುವುದು ಎಷ್ಟು ಪೇಚಾಟ ಎಂದು ಅಲ್ಲಿನ ಹೆಂಗಸರಿಗೆ ಹೇಳಬೇಕಿಲ್ಲ. ಮೂರು ಪಾವು ದೋಸೆ ಅಕ್ಕಿ, ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ. ಐದಾರು ಗಂಟೆ ನೆನೆಸಿ, ಮಳೆಗಾಲದಲ್ಲಿ ಉಗುರುಬೆಚ್ಚಗಿನ ನೀರಲ್ಲೇ ರುಬ್ಬಿ. ಹಿಂದಿನ ಸಲದ ಹಿಟ್ಟು ಎರಡು ಸೌಟು ಉಳಿಸಿಕೊಂಡಿದ್ದರೆ ಅದನ್ನು ಕಲಸಿ. ಆ ಎರಡು ಸೌಟನ್ನು ಮಗುವಿನ ಕೈಯಲ್ಲೇ ಹಾಕಿಸಿ, ಕಲಸಿಸಿ, ಆಮೇಲೆ "ಈಗ ಹಳೇ ಹಿಟ್ಟು ಎಲ್ಲಿದೆ, ತೋರಿಸು" ಅನ್ನಿ. ತೋರಿಸಲು ಆಗುವುದಿಲ್ಲ. ಪಾತ್ರೆಯ ಹೊರಗೆ ಹಿಟ್ಟಿನ ಮಟ್ಟಕ್ಕೆ ಒಂದು ದಾರ ಕಟ್ಟಿ, ಹಂಡೆ ಒಲೆಯ ಬೂದಿ ಬಿಸಿ ಇರುವ ಕಡೆ ಗೋಣಿಚೀಲ ಸುತ್ತಿ ಇಡಿ. ಬೇಸಿಗೆಯಲ್ಲಿ ಎಂಟು ಗಂಟೆಗೆ ಆಗುವುದು ಈಗ ಹದಿನಾಲ್ಕರಿಂದ ಹದಿನಾರು ಗಂಟೆ ಹಿಡಿಯುತ್ತದೆ.

ಇಲ್ಲಿ ಹೆಚ್ಚಾಗಿ ಕೆಡುವುದು ಒಂದು ಕಾರಣಕ್ಕೆ: ಪದೇ ಪದೇ ಮುಚ್ಚಳ ತೆಗೆದು ನೋಡುವುದು. ಒಳಗಿನ ಬಿಸಿ ಹೋಗಿ ಹಿಟ್ಟು ಅಲ್ಲೇ ನಿಲ್ಲುತ್ತದೆ. ಮಗು ರಾತ್ರಿ ಬಂದು "ಅಮ್ಮ, ಹಿಟ್ಟು ಇನ್ನೂ ದಾರದ ಮಟ್ಟದಲ್ಲೇ ಇದೆ" ಅಂದರೆ ಹೌದು ಅನ್ನಿ, ಅಷ್ಟೇ ಸಾಕು. ಬೆಳಗ್ಗೆ ಮಟ್ಟ ದಾರಕ್ಕಿಂತ ನಾಲ್ಕು ಬೆರಳು ಮೇಲೆ ಬಂದಾಗ ಆ ಎರಡು ವಚನ ಮತ್ತೆ ಓದಿ, ವಿವರಣೆ ಬೇಡ.

ಹುಳಿ ಒಳ್ಳೆಯದಕ್ಕೆ ಮಾತ್ರ ಹೋಲಿಕೆಯಲ್ಲ ಎನ್ನುವುದೂ ನೆನಪಿರಲಿ. ಮತ್ತಾಯ 16:6ರಲ್ಲಿ ಯೇಸು ಫರಿಸಾಯರೆಂಬ ಧರ್ಮಪಂಡಿತರ ಹುಳಿಹಿಟ್ಟಿನ ಬಗ್ಗೆ ಎಚ್ಚರ ಹೇಳುತ್ತಾನೆ. ಮನೆಯ ಒಂದು ಚುಚ್ಚುಮಾತೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಪಾತ್ರೆಯಿಡೀ ಹರಡಿರುತ್ತದೆ. ದೊಡ್ಡ ಮಕ್ಕಳಿದ್ದರೆ ವಾರದ ಕೊನೆಗೆ ಇದನ್ನೂ ಓದಿ.

ಜಗಳ ಆದ ಮನೆಗೆ ಯೋಹಾನ 21:1-15. ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಸೋತ ಶಿಷ್ಯರಿಗೆ ಯೇಸು ಕೆಂಡದ ಮೇಲೆ ಮೀನು, ರೊಟ್ಟಿ ಸಿದ್ಧಮಾಡಿಟ್ಟಿದ್ದಾನೆ. ತನ್ನನ್ನು ಅರಿಯೆನೆಂದ ಪೇತ್ರನೊಡನೆ ಆ ಮಾತು ಎತ್ತುವುದು ತಿಂಡಿ ಆದ ಮೇಲೆ, 15ನೇ ವಚನದಲ್ಲಿ. ಹಸಿದ ಹೊಟ್ಟೆಯಲ್ಲಿ ಮನೆಯ ಲೆಕ್ಕ ಚುಕ್ತಾ ಮಾಡಲು ಹೋಗಬೇಡಿ. ಮೊದಲು ಅಕ್ಕಿರೊಟ್ಟಿ, ಆಮೇಲೆ ಮಾತು.

ಅಕ್ಕಿ ಡಬ್ಬಿ ತಳ ಕಂಡಾಗ

1 ಅರಸುಗಳು 17:7-16 ಓದಿ. ಚಾರೆಪ್ತದ ವಿಧವೆಯ ಬಳಿ ಇದ್ದದ್ದು ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ಸ್ವಲ್ಪ ಎಣ್ಣೆ, ಕೈಯಲ್ಲಿ ಎರಡು ಕಟ್ಟಿಗೆ. ಮಡಕೆ ತುಂಬಿ ತುಳುಕಿತು ಎಂದು ಎಲ್ಲೂ ಬರೆದಿಲ್ಲ, ಮುಗಿಯಲಿಲ್ಲ ಎಂದಷ್ಟೇ ಇದೆ. ಅದರ ಜೊತೆಗೆ ವಿಮೋಚನಕಾಂಡ 16: ಅಡವಿಯಲ್ಲಿ ದೇವರು ಕೊಟ್ಟ ಆಹಾರ ಮನ್ನ ಆಯಾ ದಿನಕ್ಕೆ ತಲೆಗೊಂದು ಓಮೆರ್ (ಆ ಕಾಲದ ಒಂದು ಅಳತೆ), ಮರುದಿನಕ್ಕೆ ಮುಚ್ಚಿಟ್ಟದ್ದಕ್ಕೆ ಹುಳ ಬಿತ್ತು, ಆರನೇ ದಿನ ಮಾತ್ರ ಎರಡರಷ್ಟು.

ಮಾಡುವ ಕೆಲಸ ಹೀಗೆ. ರೇಷನ್ ಅಕ್ಕಿ ಬಂದ ದಿನ ಪಾವಿನಲ್ಲಿ ಅಳೆದು ತಿಂಗಳ ದಿನಗಳಿಗೆ ಭಾಗಿಸಿ, ದಿನಕ್ಕೆಷ್ಟು ಎಂದು ಡಬ್ಬಿಯ ಮುಚ್ಚಳದ ಮೇಲೆ ಬರೆದು ಅಂಟಿಸಿ. ದಿನಾ ಅಳೆದ ಅಕ್ಕಿಯಿಂದ ಒಂದು ಹಿಡಿ ಬೇರೆ ಡಬ್ಬಿಗೆ ಹೋಗಲಿ. ತಿಂಗಳಿಗೆ ಹೆಚ್ಚುಕಡಿಮೆ ಒಂದೂಕಾಲು ಕೆ.ಜಿ. ಆಗುತ್ತದೆ. ಪಕ್ಕದ ಲೈನ್ ಮನೆಯಲ್ಲಿ ಕೂಲಿ ಇಲ್ಲದ ವಾರ ಅದು ಅಲ್ಲಿಗೆ. ನಿಮ್ಮ ಮನೆಯಲ್ಲೇ ಸಾಲದಿದ್ದರೆ ಈ ಹಿಡಿ ನಿಲ್ಲಿಸಿ, ಮಕ್ಕಳ ತಟ್ಟೆಯಿಂದ ಕಿತ್ತದ್ದು ಕಾಣಿಕೆಯಾಗುವುದಿಲ್ಲ.

ಈ ಕಥೆಯನ್ನು ಕೆಲವರು "ಮೊದಲು ದೇವರ ಸೇವಕನಿಗೆ ಕೊಡು, ಆಮೇಲೆ ನಿನಗೆ ಬರುತ್ತದೆ" ಎಂದು ತಿರುಗಿಸುತ್ತಾರೆ. ಒಪ್ಪಬೇಡಿ. 7ನೇ ವಚನದಲ್ಲಿ ಹಳ್ಳ ಬತ್ತಿ ಪ್ರವಾದಿ ಎಲೀಯನೂ ನೀರಿಲ್ಲದೆ ಆ ವಿಧವೆಯ ಬಳಿ ಬಂದವನು; ಬರಗಾಲದಲ್ಲಿ ಇಲ್ಲದವರಿಬ್ಬರು ಒಂದೇ ಮಡಕೆಯಿಂದ ಉಂಡ ಕಥೆ ಅದು. ಮಡಕೆ ಬರಿದಾಗದ ಆ ಮನೆಯಲ್ಲೇ 17ನೇ ವಚನದಲ್ಲಿ ಮಗ ಕಾಯಿಲೆ ಬೀಳುತ್ತಾನೆ. ಒಂದು ಕಷ್ಟ ತೀರಿದ ಮನೆಗೆ ಇನ್ನೊಂದು ಬಂದರೆ ನಂಬಿಕೆ ಸಾಲದೆ ಬಂತು ಎನ್ನಲು ಬೈಬಲಿನಲ್ಲಿ ಆಧಾರವಿಲ್ಲ.

ಸಾಲದ ಲೆಕ್ಕ

ಸಂಘದ ಕಂತು, ಫೈನಾನ್ಸಿನ ಕಂತು, ಆಸ್ಪತ್ರೆಗೆ ಮಾಡಿದ ಕೈಸಾಲ. ಇವು ತಲೆಯಲ್ಲಿದ್ದರೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತವೆ. 2 ಅರಸುಗಳು 4:1-7 ಏಳೇ ವಚನ, ಸಾಲಗಾರ ಬಂದು ಒಬ್ಬ ವಿಧವೆಯ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯುವ ಹೊತ್ತು. ಪ್ರವಾದಿ ಎಲೀಷ ಕೇಳುವುದು ಮನೆಯಲ್ಲಿ ಏನಿದೆ ಎಂದು; ಇದ್ದದ್ದು ಒಂದು ಕುಡಿಕೆ ಎಣ್ಣೆ. ನೋಟ್‌ಬುಕ್ಕಿನಲ್ಲಿ ಆ ಕ್ರಮದಲ್ಲೇ ಬರೆಯಿರಿ. ಎಡಪುಟದಲ್ಲಿ ಇರುವುದೆಲ್ಲ: ಒಣಗಿಸಿಟ್ಟ ಕಾಳುಮೆಣಸು ಎಷ್ಟು ಕೆ.ಜಿ., ಕರೆಯುವ ಹಸು, ಹೊಲಿಗೆ ಮೆಷಿನ್, ಬರಬೇಕಾದ ಕೂಲಿ. ಬಲಪುಟದಲ್ಲಿ ಯಾರಿಗೆ, ಎಷ್ಟು, ಯಾವ ವಾರ, ಬಡ್ಡಿ ಎಷ್ಟು. ಬಡ್ಡಿ ಹೆಚ್ಚಿರುವುದರ ಮುಂದೆ ಗೀಟು ಹಾಕಿ, ಮೊದಲು ತೀರಬೇಕಾದದ್ದು ಅದು.

ಆ ಎಣ್ಣೆ ಸುರಿದು ತುಂಬಲು ಆ ಹೆಂಗಸು ಖಾಲಿ ಪಾತ್ರೆ ಕೇಳಲು ನೆರೆಮನೆಗಳಿಗೆಲ್ಲ ಹೋಗಬೇಕಾಯಿತು. ಕೇಳಲು ನಾಚಿಕೆಪಡುವವರಿಗೆ ಇಡೀ ಕಥೆಯಲ್ಲಿ ಇದೇ ಗಟ್ಟಿ ಜಾಗ. ಬಾಗಿಲು ಹಾಕಿಕೊಂಡು ಪಾತ್ರೆ ತಂದುಕೊಟ್ಟವರು ಅವಳ ಮಕ್ಕಳು. ಅಂದರೆ ಮನೆಯ ಸ್ಥಿತಿ ಮಕ್ಕಳಿಗೆ ಗೊತ್ತಿತ್ತು. ಹತ್ತು ವರ್ಷ ದಾಟಿದ ಮಕ್ಕಳಿಗೆ ಸಾಲ ಇದೆ, ಹೀಗೆ ತೀರಿಸುತ್ತಿದ್ದೇವೆ ಎಂದು ಹೇಳಿ. ಮುಚ್ಚಿಟ್ಟರೆ ಅವರು ಗೋಡೆಯ ಆಚೆಯಿಂದ ಅರ್ಧ ಕೇಳಿಸಿಕೊಂಡು ಇನ್ನೂ ಹೆದರುತ್ತಾರೆ. ಕೊನೆಯ ವಚನ ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಬದುಕು ಎನ್ನುತ್ತದೆ.

ಕಾಣಿಕೆಗೆ, ಹರಕೆಗೆ, ವೇಳಾಂಕಣಿ ಯಾತ್ರೆಗೆ ಸಾಲ ಮಾಡಬೇಡಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲೆಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕ 7:9-13ರಲ್ಲಿ ಬಯ್ದಿದ್ದಾನೆ. ಕಿರುಸಾಲದವರು ಮನೆ ಮುಂದೆ ನಿಂತು ಹೆದರಿಸಿದರೆ ಪ್ರಾರ್ಥನೆಯ ಜೊತೆಗೆ ಪೊಲೀಸ್ ದೂರೂ ಇರಲಿ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ.

ಕಾಲು ತೊಳೆಯುವುದು

ಯೋಹಾನ 13:1-15, ಯೇಸು ಶಿಷ್ಯರ ಕಾಲು ತೊಳೆದ ಕಥೆ, ಪವಿತ್ರ ಗುರುವಾರ ಗುಡಿಯಲ್ಲಿ ಕೇಳಿ ಗೊತ್ತಿರುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅದನ್ನು ವಾರಕ್ಕೆರಡು ಸಲ ಮಾಡಬಹುದು. ದಿನಾ ಸೇವೆ ಮಾಡುವ ಸೊಸೆಯೇ ಇದನ್ನೂ ಮಾಡಿದರೆ ಅವಳ ಹೊರೆ ಹೆಚ್ಚಿತು ಅಷ್ಟೆ. ಮನೆಯ ಗಂಡಸರು, ದೊಡ್ಡ ಹುಡುಗರು ಕೂರಲಿ.

ಅಗಲ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು. ಬಿಸಿಯನ್ನು ನಿಮ್ಮ ಮೊಣಕೈ ಅದ್ದಿ ನೋಡಿ, ಬೆರಳು ಮೋಸ ಮಾಡುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸುಟ್ಟರೂ ತಿಳಿಯದಿರಬಹುದು. ಐದು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ. ಹಳೇ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ಬೆರಳ ಸಂದುಗಳನ್ನು ಒಂದೊಂದಾಗಿ ಒಣಗಿಸಿ. ಕೊಬ್ಬರಿ ಎಣ್ಣೆ ಹಿಮ್ಮಡಿಗೆ, ಪಾದದ ಮೇಲಕ್ಕೆ. ಸಂದಿಗೆ ಬೇಡ, ತೇವ ನಿಂತು ಹುಣ್ಣಾಗುತ್ತದೆ. ಹಿಮ್ಮಡಿ ಕೆಂಪಾಗಿದ್ದರೆ, ಗಾಯ ಕಂಡರೆ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದು ಡಾಕ್ಟರಿಗೆ ತೋರಿಸಿ.

ಹಿರಿಯರು "ಬೇಡಪ್ಪ, ನೀನು ನನ್ನ ಕಾಲು ಮುಟ್ಟೋದಾ" ಎಂದು ಕಾಲು ಎಳೆದುಕೊಳ್ಳುವುದುಂಟು. 8ನೇ ವಚನದಲ್ಲಿ ಪೇತ್ರ ಮಾಡಿದ್ದೂ ಅದನ್ನೇ. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಕಷ್ಟ. ಒತ್ತಾಯ ಬೇಡ, "ಅಜ್ಜಿ, ಇವತ್ತು ಒಂದು ಕಾಲು ಮಾತ್ರ" ಎಂದು ಕೇಳಿ ನೋಡಿ. ಒಪ್ಪದಿದ್ದರೆ ನೀರು ಪಕ್ಕಕ್ಕಿಟ್ಟು ಆ ಭಾಗವನ್ನು ಅವರಿಂದಲೇ ಓದಿಸಿ.

ಕರೆಂಟು ಹೋದ ರಾತ್ರಿ

ಮಳೆಗಾಲದಲ್ಲಿ ಮಲೆನಾಡಿಗೆ ಎರಡು ಮೂರು ದಿನ ಕರೆಂಟಿಲ್ಲದಿರುವುದು ಹೊಸತಲ್ಲ. ಫೋನೂ ಸತ್ತ ಆ ಹೊತ್ತು ಅಳುವುದಕ್ಕೆ ಒಳ್ಳೆಯದು. ಕೀರ್ತನೆ 13ರಲ್ಲಿ ಆರೇ ವಚನ. ಮೊದಲೆರಡರಲ್ಲಿ ಇನ್ನೆಷ್ಟು ಕಾಲ ಎಂಬ ಕೂಗು ನಾಲ್ಕು ಸಲ, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯೆರಡರಲ್ಲಿ ಭರವಸೆ. ಮೇಣದಬತ್ತಿ ಹಚ್ಚಿ ಓದಿ. ಆಮೇಲೆ ಪ್ರತಿಯೊಬ್ಬರೂ ತಮ್ಮದೊಂದು "ಇನ್ನೆಷ್ಟು ದಿನ" ಹೇಳಲಿ: ಇನ್ನೆಷ್ಟು ದಿನ ಅಪ್ಪ ಬೆಂಗಳೂರಲ್ಲೇ ಇರೋದು, ಇನ್ನೆಷ್ಟು ದಿನ ಈ ಮಳೆ. ಯಾರೂ ತಿದ್ದಬಾರದು, "ಹಾಗನ್ನಬಾರದು" ಅನ್ನಬಾರದು. ಭರವಸೆಯ ಮಾತು ಬಾಯಿಗೆ ಬಾರದ ರಾತ್ರಿಗಳಿಗೆ ಕೀರ್ತನೆ 88 ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ; ಬೈಬಲು ಅದನ್ನೂ ಪ್ರಾರ್ಥನೆ ಎಂದೇ ಇಟ್ಟುಕೊಂಡಿದೆ.

ಆಲೂರು, ಬೇಲೂರು, ಸಕಲೇಶಪುರದ ಆನೆ ಓಡಾಡುವ ಕಡೆಯವರು ಬೆಳಗ್ಗೆ ಹೊರಡುವಾಗ ಬಾಗಿಲಲ್ಲೇ ನಿಂತು ಕೀರ್ತನೆ 121 ಓದಿಕೊಳ್ಳಬಹುದು, ಒಂದು ನಿಮಿಷ ಸಾಕು. ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶವನ್ನೂ ನೋಡಿ. ಪ್ರಾರ್ಥನೆ ಆಯಿತಲ್ಲ ಎಂದು ಕತ್ತಲಲ್ಲಿ ತೋಟದ ದಾರಿ ಹಿಡಿಯುವುದು ದೇವರನ್ನು ಪರೀಕ್ಷಿಸಿದಂತೆ, ಮತ್ತಾಯ 4:7 ಅದಕ್ಕೇ ಇರುವುದು.

ವಚನ ಎಲ್ಲಿ ಗಾಯ ಮಾಡುತ್ತದೆ

ಹೊಸವರ್ಷದ ವಾಗ್ದಾನ ವಚನದ ಕಾರ್ಡುಗಳಲ್ಲಿ ಯೆರೆಮೀಯ 29:11 ಮತ್ತೆ ಮತ್ತೆ ಬರುತ್ತದೆ, ಒಳ್ಳೆಯ ಮುಂದಿನ ಗತಿಯ ಮಾತು. ಅದರ ಹಿಂದಿನ ವಚನವನ್ನು ಕಾರ್ಡಿನಲ್ಲಿ ಯಾರೂ ಹಾಕುವುದಿಲ್ಲ: ಸೆರೆಯಾಗಿ ಹೋದ ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ. 5ನೇ ವಚನ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತದೆ. ಕಾರ್ಡು ಗೋಡೆಯ ಮೇಲಿದ್ದರೆ 4ರಿಂದ 14ರವರೆಗೆ ಒಮ್ಮೆ ಪೂರ್ತಿ ಓದಿ. ಆಗ ಆ ವಚನ ಕಷ್ಟದ ಮನೆಗೆ ಇನ್ನೂ ಹತ್ತಿರವಾಗುತ್ತದೆ.

ಕಾಫಿ ತೋಟದವರಿಗೆ ಯೋಹಾನ 15, ದೇವರು ದ್ರಾಕ್ಷಿಬಳ್ಳಿಯ ಕೊಂಬೆ ಸವರುವ ಮಾತು, ಸುಲಭವಾಗಿ ಹಿಡಿಸುತ್ತದೆ. ಕೊಯ್ಲು ಮುಗಿದ ಮೇಲೆ ಒಣರೆಂಬೆ, ಬೇಡದ ಚಿಗುರು ತೆಗೆಯದಿದ್ದರೆ ಗಿಡ ಪೊದೆಯಾಗಿ ಒಳಗೆ ಗಾಳಿ ಬೆಳಕು ಹೋಗುವುದಿಲ್ಲ, ಫಸಲು ಇಳಿಯುತ್ತದೆ. ತನ್ನ ಅಭ್ಯಾಸಗಳ ಬಗ್ಗೆ ತಾನೇ ಯೋಚಿಸಲು ಇದು ಚೆನ್ನ. ಮಗುವನ್ನು ಕಳೆದುಕೊಂಡ ತಾಯಿಗೆ "ದೇವರು ಕತ್ತರಿಸಿ ಸರಿಮಾಡುತ್ತಾನೆ" ಎಂದು ಹೇಳಲು ಅದನ್ನು ಬಳಸಿದರೆ ಗಾಯದ ಮೇಲೆ ಬರೆ.

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಮಣ್ಣಾದವು. ಇಂಥ ಹೊತ್ತಲ್ಲಿ ಯಾರ ಪಾಪವೋ ಎಂಬ ಪಿಸುಮಾತು ಬಂದೇ ಬರುತ್ತದೆ. ಲೂಕ 13:4ರಲ್ಲಿ ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು ಯೇಸುವೇ ಹೇಳಿದ್ದಾನೆ. ಮನೆಯಲ್ಲಿ ಆ ಪಿಸುಮಾತು ಎದ್ದ ದಿನವೇ ಇದನ್ನು ಓದಿ, ಮುಂದೂಡಬೇಡಿ.

ಸಾವಾದ ಮನೆಗೆ ಹೋಗುವಾಗ ಯೋಬ 2:13 ನೆನಪಿರಲಿ. ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಕೆಲಸ ಕೆಟ್ಟದ್ದು ಅವರು ಮಾತು ಶುರು ಮಾಡಿದ ಮೇಲೆ. ಮೊದಲ ವಾರ ವಚನ ಬೇಡ. ಗಂಜಿ, ತೆಂಗಿನಕಾಯಿ ಚಟ್ನಿ, ಒಂದು ಫ್ಲಾಸ್ಕ್ ಕಾಫಿ ಒಯ್ಯಿರಿ. ಪಾತ್ರೆಗೆ ನಿಮ್ಮ ಹೆಸರಿನ ಚೀಟಿ ಅಂಟಿಸಿ "ವಾಪಸ್ಸಿಗೆ ನಾವೇ ಬರುತ್ತೇವೆ" ಅನ್ನಿ, ತೊಳೆದು ಕಳಿಸುವ ಚಿಂತೆ ಅವರಿಗೆ ತಪ್ಪುತ್ತದೆ. ಅಲ್ಲಿನ ಸಿಂಕಿನಲ್ಲಿ ಪಾತ್ರೆ ಬಿದ್ದಿದ್ದರೆ ಬೆಳಗಿಟ್ಟು ಬನ್ನಿ.

ಊರು, ಮನೆ, ಗುಡಿ ಬಿಟ್ಟುಬಂದವರಿರುವ ಕುಟುಂಬಗಳು ಮಕ್ಕಳನ್ನು ಒಮ್ಮೆ ಶೆಟ್ಟಿಹಳ್ಳಿಗೆ ಕರೆದೊಯ್ಯಬಹುದು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಅದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಊರು ಖಾಲಿಯಾಯಿತು, ಗೋಡೆಗಳು ಮಳೆಗಾಲದಲ್ಲಿ ಮುಳುಗುತ್ತವೆ. ಗೋಡೆ ಶಿಥಿಲವಾಗಿರುವುದರಿಂದ ಒಳಗೆ ಹೋಗದೆ ಹೊರಗೇ ಕೂತು ಕೀರ್ತನೆ 137:1-6 ಓದಿ.

ಇದಾವುದೂ ಆಗದಿದ್ದಾಗ

ಮನೆಯಲ್ಲೊಬ್ಬರು ಊಟ ಬಿಟ್ಟಿದ್ದಾರೆ, ಎರಡು ವಾರದಿಂದ ನಿದ್ದೆಯಿಲ್ಲ, ಸಾಯುವ ಮಾತಾಡುತ್ತಿದ್ದಾರೆ ಎಂದರೆ ಮೇಲಿನದೆಲ್ಲ ಬದಿಗಿಡಿ. 1 ಅರಸುಗಳು 19:4-8 ನೀವು ಓದಿಕೊಳ್ಳಿ, ಅವರಿಗೆ ಓದಿ ಹೇಳಲು ಹೋಗಬೇಡಿ. ಸಾವು ಬೇಡಿ ಗಿಡದ ಕೆಳಗೆ ಬಿದ್ದುಕೊಂಡ ಎಲೀಯನನ್ನು ದೂತ ಗದರಿಸುವುದಿಲ್ಲ, ನಂಬಿಕೆ ಎಲ್ಲಿ ಎನ್ನುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ಮಲಗಲು ಬಿಡುವುದು; ಮತ್ತೆ ಎಬ್ಬಿಸಿ ರೊಟ್ಟಿ, ನೀರು. ಅದೇ ಕ್ರಮದಲ್ಲಿ ನಡೆಯಿರಿ: ರಾಗಿ ಗಂಜಿಯಾದರೂ ಹೊಟ್ಟೆಗೆ ಹೋಗಲಿ, ಒಬ್ಬರೇ ಇರಲು ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಗಳನ್ನು ಬೀಗ ಹಾಕಿದ ಕಡೆಗೆ ಸಾಗಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಮರುದಿನವೇ ಕರೆದೊಯ್ಯಿರಿ, ಫಾದರಿಗೋ ಸಭೆಯ ಅಯ್ಯನವರಿಗೋ ಜೊತೆಗೆ ಬರಲು ಹೇಳಿ. ಮಾತ್ರೆ ಬರೆದುಕೊಟ್ಟರೆ ಯಾವ ಹೊತ್ತಿಗೆ ಎಷ್ಟು ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಡಾಕ್ಟರು ಹೇಳದೆ, ಪ್ರಾರ್ಥನೆಯಲ್ಲಿ ವಾಸಿಯಾಯಿತೆಂದು ಯಾರು ಹೇಳಿದರೂ, ನಿಲ್ಲಿಸಬೇಡಿ.